ಹ್ಯಾಸ್ಲರನ ಚೀನೀ ಹಾಯಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ತರಗತಿಯಿಲ್ಲದ ಹೊತ್ತಿನಲ್ಲಿ, ನಮ್ಮ ಕಾಲೇಜಿನ ವಾಚನಾಲಯದಲ್ಲಿ ಕುಳಿತು ಎರಡನೆಯ ಮಹಾಯುದ್ಧದ ಸಾಹಸಗಳನ್ನು ಕುರಿತ ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದೆ. ಅದರಲ್ಲಿ ಹ್ಯಾಸ್ಲರ್ ಎಂಬ ಸೇನಾಧಿಕಾರಿಯ ಕಥೆ ಇದ್ದಿತು. ಕಥೆಯೇನೋ ಯುದ್ಧದೊಂದಿಗೇ ಮುಗಿದುಹೋಗಿತ್ತು. ಆದರೆ ಕೊನೆಯಲ್ಲಿ, ಈತನು ಮುಂದೆ ಪುಟ್ಟ ದೋಣಿಯೊಂದಕ್ಕೆ ಚೀನೀ ಹಾಯಿಯನ್ನು ಕಟ್ಟಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿದನೆಂಬ ಒಂದು ಸಾಲು ಇತ್ತು. ಯುದ್ಧದ ಹತ್ತು ಪುಟಗಳಿಗಿಂತ ಆ ಒಂದು ಸಾಲೇ ನನ್ನ ತಲೆಯಲ್ಲಿ ಉಳಿಯಿತು. ನಾನು ಹೊನ್ನಾವರದ ಕಡೆಯವನು. ನನ್ನ ಅಜ್ಜ ಹುಡುಗನಾಗಿದ್ದಾಗ ಮುಂಬಯಿಗೆ ಹೆಂಚು ಒಯ್ಯುತ್ತಿದ್ದ ಹಾಯಿ ಮಚ್ವೆಯಲ್ಲಿ ದುಡಿದವನು. ಹಾಯಿಯೆಂದರೆ ನಮ್ಮ ಮನೆಯಲ್ಲಿ ಪುಸ್ತಕದ ಮಾತಲ್ಲ. ಆದುದರಿಂದ ಹ್ಯಾಸ್ಲರನ ಉಳಿದ ಕಥೆಯನ್ನು ಸಿಕ್ಕಿದಲ್ಲೆಲ್ಲ ಹುಡುಕಿ ಓದಿದೆ. ಅದನ್ನು ನನಗೆ ತಿಳಿದಂತೆ ಇಲ್ಲಿ ಬರೆಯುತ್ತಿದ್ದೇನೆ.

ಹರ್ಬರ್ಟ್ ಜಾರ್ಜ್ ಹ್ಯಾಸ್ಲರನು 1914ರ ಫೆಬ್ರವರಿ 27ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದನು. ತಂದೆ ಬ್ರಿಟಿಷ್ ಸೈನ್ಯದ ವೈದ್ಯಕೀಯ ದಳದಲ್ಲಿದ್ದವನು. ಮಗನಿಗೆ ಮೂರು ವರ್ಷ ತುಂಬಿದ ಕೆಲವೇ ವಾರಗಳಲ್ಲಿ, 1917ರ ಮೇ ತಿಂಗಳಲ್ಲಿ, ಟ್ರಾನ್ಸಿಲ್ವೇನಿಯಾ ಎಂಬ ಸೈನಿಕರ ಹಡಗನ್ನು ಶತ್ರುಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿಸಿದಾಗ ಆತನು ತೀರಿಕೊಂಡನು. ತಂದೆಯನ್ನು ನುಂಗಿದ ನೀರಿನ ಮೇಲೆ ಮಗನಿಗೆ ದ್ವೇಷ ಬರಬೇಕಾಗಿತ್ತೆಂದು ನಮಗೆ ತೋರಬಹುದು. ಬಂದದ್ದು ಪ್ರೀತಿ. ಶಾಲೆಗೆ ಹೋಗುವ ಹುಡುಗನಾಗಿದ್ದಾಗಲೇ ತನ್ನ ಕೈಯಿಂದಲೇ ದೋಣಿ ಕಟ್ಟಿ ನೀರಿಗಿಳಿಸಿದನು. ವೆಲಿಂಗ್ಟನ್ ಕಾಲೇಜಿನಲ್ಲಿ ಓದಿ 1932ರಲ್ಲಿ ರಾಯಲ್ ಮರೀನ್ಸ್ ಎಂಬ ನೌಕಾ ಸೈನಿಕ ಪಡೆಯನ್ನು ಸೇರಿದನು. ಹೊಂಬಣ್ಣದ ಕೂದಲು, ಹೊಂಬಣ್ಣದ ಮೀಸೆ. ಇದರಿಂದಾಗಿ ಜೊತೆಗಾರರು ಅವನನ್ನು ಬ್ಲಾಂಡಿ ಎಂದು ಕರೆದರು. ಲೋಕವೂ ಕೊನೆಯವರೆಗೆ ಅದೇ ಹೆಸರನ್ನು ಉಳಿಸಿಕೊಂಡಿತು.

ಅವನಿಗೆ ಮೊದಲು ಕೀರ್ತಿ ತಂದುದು 1942ರ ಡಿಸೆಂಬರಿನ ಒಂದು ದಾಳಿ. ಆಗ ಫ್ರಾನ್ಸ್ ದೇಶ ಜರ್ಮನರ ವಶದಲ್ಲಿತ್ತು. ಸಮುದ್ರದಿಂದ ಬಹುದೂರ ಒಳಗೆ, ಜಿರೋಂಡ್ ಅಳಿವೆಯ ಮೇಲುಭಾಗದಲ್ಲಿರುವ ಬೋರ್ಡೋ ಬಂದರಿಗೆ ಶತ್ರುಗಳ ಸರಕಿನ ಹಡಗುಗಳು ಬಂದುಹೋಗುತ್ತಿದ್ದವು. ಆ ಹಡಗುಗಳಿಗೆ ಸಿಡಿಗುಂಡುಗಳನ್ನು ಅಂಟಿಸಿಬರಲು ಇಬ್ಬರಿಬ್ಬರು ಕೂರುವ ಪಾತಿದೋಣಿಗಳಲ್ಲಿ ಹುಟ್ಟುಹಾಕುತ್ತ ಹೋಗುವುದೆಂದು ಯೋಜನೆಯಾಯಿತು. ಈ ದಾಳಿಗೆ ಒಪ್ಪಿಗೆ ಕೊಟ್ಟ ಅಧಿಕಾರಿ, ಮುಂದೆ ನಮ್ಮ ದೇಶಕ್ಕೆ ಕೊನೆಯ ವೈಸರಾಯ್ ಆಗಿ ಬಂದ ಮೌಂಟ್‌ಬ್ಯಾಟನ್. ಡಿಸೆಂಬರ್ 7ರ ರಾತ್ರಿ ಟ್ಯೂನಾ ಎಂಬ ಜಲಾಂತರ್ಗಾಮಿಯಿಂದ ಐದು ದೋಣಿಗಳು ನೀರಿಗಿಳಿದವು. ಆರನೆಯದು ಇಳಿಸುವ ಮೊದಲೇ ಹರಿದು ಕೆಟ್ಟಿತು. ಹತ್ತು ಮಂದಿ ಹೊರಟರು. ಅಳಿವೆಯ ಬಾಯಿಯ ಉಬ್ಬರದ ಅಲೆಗಳಲ್ಲಿಯೇ ಗುಂಪು ಚದರಿತು. ಹಗಲು ದಡದ ಜೊಂಡಿನಲ್ಲಿ ಅಡಗಿ, ರಾತ್ರಿ ಕೊರೆಯುವ ಚಳಿಯಲ್ಲಿ ಹುಟ್ಟುಹಾಕಿ, ಕೊನೆಗೆ ಬೋರ್ಡೋವನ್ನು ಮುಟ್ಟಿದವು ಎರಡೇ ದೋಣಿಗಳು. ಹಡಗುಗಳಿಗೆ ಸಿಡಿಗುಂಡುಗಳನ್ನು ಅಂಟಿಸಿದರು, ಅವು ಸಿಡಿದುವು. ಆದರೆ ಹೋದ ಹತ್ತು ಮಂದಿಯಲ್ಲಿ ಇಬ್ಬರು ಚಳಿಗೆ ಸಿಕ್ಕಿ ಸತ್ತರು, ಆರು ಮಂದಿಯನ್ನು ಜರ್ಮನರು ಹಿಡಿದು ಗುಂಡಿಟ್ಟು ಕೊಂದರು. ಹ್ಯಾಸ್ಲರ್ ಮತ್ತು ಅವನ ದೋಣಿಯಲ್ಲಿದ್ದ ಬಿಲ್ ಸ್ಪಾರ್ಕ್ಸ್ ಇಬ್ಬರೇ ಫ್ರಾನ್ಸಿನ ಒಳನಾಡನ್ನು ನಡೆದು ದಾಟಿ, ಅಲ್ಲಿಯ ಗುಪ್ತಸಹಾಯಕರ ನೆರವಿನಿಂದ ಸ್ಪೇನ್ ಸೇರಿ, 1943ರಲ್ಲಿ ತಾಯ್ನಾಡಿಗೆ ಮರಳಿದರು. ಹ್ಯಾಸ್ಲರನಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಪದಕ ಬಂದಿತು. 1955ರಲ್ಲಿ ಈ ದಾಳಿಯನ್ನು ಕುರಿತು ಒಂದು ಚಲನಚಿತ್ರವೂ ಬಂದಿತು. ಅದರ ಹೆಸರೇ ಅವನಿಗೆ ಹಿಡಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ವೀರನ ಕಥೆ. ಇಂಥವು ಬೇಕಾದಷ್ಟಿವೆ. ನನಗೆ ಆಶ್ಚರ್ಯ ತಂದದ್ದು ಆಮೇಲಿನ ನಲವತ್ತು ವರ್ಷ. ಸ್ನಾಯುಬಲದಿಂದ ಮನುಷ್ಯನು ಎಷ್ಟು ದೂರ ಹೋಗಬಲ್ಲನೆಂಬುದನ್ನು ಇವನಷ್ಟು ಕಂಡವರು ಕಡಮೆ. ಆ ಬಲ ಎಲ್ಲಿ ಸಾಲದೆ ಹೋಗುತ್ತದೆಂಬುದನ್ನೂ ಇವನು ಕಣ್ಣಾರೆ ಕಂಡಿದ್ದನು. ಅಂಥವನು ಉಳಿದ ಆಯುಷ್ಯವನ್ನೆಲ್ಲ, ಸಮುದ್ರದ ಮೇಲೆ ಮನುಷ್ಯನು ಆದಷ್ಟು ಕಡಮೆ ದಣಿಯುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಸಲ್ಲಿಸಿದನು. ಕೆಲವರು ಇದನ್ನು ಸೋಮಾರಿತನವೆಂದು ನಕ್ಕಿರಬೇಕು. ನನಗೆ ಹಾಗೆ ತೋರುವುದಿಲ್ಲ.

1946ರಲ್ಲಿ ಅವನು ಟ್ರೆ ಸಾಂಗ್ ಎಂಬ ಉದ್ದನೆಯ, ಸಪೂರವಾದ ಪಂದ್ಯದ ದೋಣಿಯೊಂದನ್ನು ಕೊಂಡು, ಕಡಲಿನ ಪಂದ್ಯಗಳಲ್ಲಿ ತನ್ನ ವರ್ಗದ ಅಗ್ರಸ್ಥಾನವನ್ನು ಗೆದ್ದನು. 1948ರಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿಯಲ್ಲಿ ಸೈನ್ಯದಿಂದ ನಿವೃತ್ತನಾದನು. ಫ್ರಾನ್ಸಿನ ಬ್ರಿಟನಿ ತೀರದ ಬಂದರುಗಳನ್ನು ಕುರಿತು ನಾವಿಕರಿಗೆ ಉಪಯೋಗವಾಗುವ ಪುಸ್ತಕವೊಂದನ್ನು ಬರೆದನು. ಅಂದರೆ ಚೀನೀ ಹಾಯಿಗೆ ಕೈಹಾಕಿದಾಗ ಅವನು ಹೊಸಬನಲ್ಲ, ಇದ್ದ ಬಗೆಯ ಹಾಯಿಗಳಲ್ಲಿ ನುರಿತು ಗೆದ್ದು ಬಂದವನು. ಈ ಅಂಶ ಮುಖ್ಯವಾದುದು. ಗೆಲ್ಲಲಾರದವನು ಆಟದ ನಿಯಮವನ್ನು ಬದಲಿಸುವುದು ಬೇರೆ, ಗೆದ್ದವನೇ ಬದಲಿಸುವುದು ಬೇರೆ.

ಆ ಕಾಲದ ಯುರೋಪಿನ ವಿಹಾರದೋಣಿಗಳಿಗೆ ಸಾಮಾನ್ಯವಾಗಿ ಇರುತ್ತಿದ್ದುದು ಎತ್ತರವಾದ ಮುಕ್ಕೋನದ ಹಾಯಿ. ಅದಕ್ಕೆ ಬರ್ಮುಡಾ ಹಾಯಿ ಎಂದು ಹೆಸರು. ಗಾಳಿಗೆ ಎದುರಾಗಿ ಏರುವುದರಲ್ಲಿ ಅದಕ್ಕೆ ಸಮನಾದುದು ಅಪರೂಪ. ಆದರೆ ಅದರ ಕೂವೆಮರವನ್ನು ಸುತ್ತಲೂ ಉಕ್ಕಿನ ತಂತಿಗಳಿಂದ ಬಿಗಿದು ನಿಲ್ಲಿಸಬೇಕು. ಒಂದು ತಂತಿ ಹರಿದರೆ ಕೂವೆಯೇ ಬೀಳಬಹುದು. ಬಟ್ಟೆಯ ಮೇಲೆ ಬಹಳ ಸೆಳೆತ. ಎಲ್ಲಕ್ಕಿಂತ ಕಷ್ಟದ ಕೆಲಸ, ಬಿರುಗಾಳಿ ಬಂದಾಗ ಹಾಯಿಯನ್ನು ಕಿರಿದುಮಾಡುವುದು. ಅದಕ್ಕಾಗಿ ನಾವಿಕನು ಚುಕ್ಕಾಣಿಯನ್ನು ಬಿಟ್ಟು, ಒದ್ದೆಯಾಗಿ ಹೊಯ್ದಾಡುವ ಅಟ್ಟದ ಮೇಲೆ ತೆವಳಿಕೊಂಡು ಹೋಗಿ, ಬಡಿಯುತ್ತಿರುವ ಬಟ್ಟೆಯನ್ನು ಹಿಡಿದು ಕಟ್ಟಬೇಕು, ಮುಂದಿನ ಸಣ್ಣ ಹಾಯಿಯನ್ನು ಬಿಚ್ಚಿ ಬೇರೊಂದನ್ನು ಏರಿಸಬೇಕು. ದೋಣಿಯಲ್ಲಿ ನಾಲ್ಕು ಮಂದಿ ಇದ್ದರೆ ಸರಿ. ಒಬ್ಬನೇ ಇದ್ದು, ಕಾಲು ಜಾರಿದರೆ, ದೋಣಿ ತನ್ನ ದಾರಿ ಹಿಡಿದು ಹೋಗುತ್ತದೆ. ಬಿದ್ದವನು ಹಿಂದೆ ಉಳಿಯುತ್ತಾನೆ.

ಹ್ಯಾಸ್ಲರನು 1950ರ ದಶಕದ ಮೊದಲಲ್ಲಿ ಇಪ್ಪತ್ತೈದು ಅಡಿ ಉದ್ದದ ಒಂದು ಮರದ ದೋಣಿಯನ್ನು ಕಟ್ಟಿಸಿದನು. ಸ್ಕ್ಯಾಂಡಿನೇವಿಯದ ಫೋಕ್‌ಬೋಟ್ ಎಂಬ ಜನಪ್ರಿಯ ನಮೂನೆಯ ಮೇಲೆ, ತನ್ನ ಪ್ರಯೋಗಗಳಿಗೆ ತಕ್ಕಂತೆ ಮಾರ್ಪಡಿಸಿ ಮಾಡಿಸಿದುದು. ನೋಡಿದವರಿಗೆ ನಗು ಬರುವಂತಿದ್ದುದರಿಂದ ಅದಕ್ಕೆ ಜೆಸ್ಟರ್ ಎಂದೇ ಹೆಸರಿಟ್ಟನು. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಹಾಸ್ಯಗಾರ. ಅಟ್ಟವನ್ನೆಲ್ಲ ಮುಚ್ಚಿ ನಡುವೆ ಒಂದು ದುಂಡನೆಯ ಕಂಡಿಯನ್ನು ಮಾತ್ರ ಬಿಟ್ಟಿದ್ದನು. ಆ ಕಂಡಿಯಲ್ಲಿ ನಿಂತು, ಒಣಬಟ್ಟೆಯಲ್ಲಿಯೇ, ದೋಣಿಯ ಎಲ್ಲ ಕೆಲಸವನ್ನೂ ಮಾಡಬೇಕೆಂಬುದು ಅವನ ಹಟ. ಮೊದಲು ತಾನೇ ಯೋಚಿಸಿ ಮಾಡಿದ ಇನ್ನೊಂದು ಬಗೆಯ ಹಾಯಿಯನ್ನು, ತಂತಿಗಳಿಲ್ಲದ ಕೂವೆಗೆ, ಕಟ್ಟಿ ನೋಡಿದನು. ಅದು ಮನಸ್ಸಿಗೆ ಒಪ್ಪಲಿಲ್ಲ. ಹಲವು ವರ್ಷ ತಡಕಾಡಿದ ಮೇಲೆ ಅವನ ಕಣ್ಣು ಚೀನದ ಜಂಕ್ ಹಡಗುಗಳ ಕಡೆಗೆ ತಿರುಗಿತು. ತಾನು ಹುಡುಕುತ್ತಿದ್ದುದನ್ನು ಹೆಸರಿಲ್ಲದ ಬೆಸ್ತರೂ ಸರಕು ಸಾಗಿಸುವವರೂ ಶತಮಾನಗಳ ಹಿಂದೆಯೇ ಕಂಡುಕೊಂಡು ದಿನನಿತ್ಯ ಬಳಸುತ್ತಿದ್ದರೆಂದು ಅವನಿಗೆ ತಿಳಿಯಿತು.

ಜಂಕ್ ಹಾಯಿಯ ರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಅದಿಲ್ಲದೆ ಹ್ಯಾಸ್ಲರನ ಆನಂದ ಅರ್ಥವಾಗಲಾರದು. ಬಿಸಿಲಿಗೆ ಕಿಟಕಿಗೆ ಕಟ್ಟುವ ಬಿದಿರುಕಡ್ಡಿಯ ಪರದೆಯನ್ನು ನೆನೆಯಿರಿ. ಹಾಯಿಯ ಉದ್ದಕ್ಕೂ ಮೇಲಿನಿಂದ ಕೆಳಗಿನವರೆಗೆ ನಾಲ್ಕಾರು ಅಡ್ಡಕೋಲುಗಳು. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಾದುಹೋಗುತ್ತವೆ. ಕೋಲು ಕೋಲಿನ ನಡುವೆ ಬಟ್ಟೆಯ ಒಂದೊಂದು ಅಂಕಣ. ಕೂವೆಗೆ ತಂತಿಗಳ ಆಸರೆಯಿಲ್ಲ, ಬುಡದಲ್ಲಿ ಭದ್ರವಾಗಿ ನೆಟ್ಟ ಮರ ಗಾಳಿಗೆ ತುಸು ಬಾಗಿ ನಿಲ್ಲುತ್ತದೆ. ಹಾಯಿ ಕೂವೆಯ ಒಂದು ಮಗ್ಗುಲಿಗೆ ತೂಗುತ್ತದೆ. ಅದರ ಸ್ವಲ್ಪ ಭಾಗ ಕೂವೆಯ ಮುಂದೂ ಚಾಚಿರುವುದರಿಂದ ತಕ್ಕಡಿಯಂತೆ ತೂಕ ಹಂಚಿಹೋಗಿ, ಹಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವಾಗ ಅಬ್ಬರ ಕಡಮೆ. ಅಡ್ಡಕೋಲುಗಳ ಹಿಂದುದಿಗಳಿಂದ ಸಣ್ಣ ಹಗ್ಗಗಳು ಇಳಿದುಬಂದು ರಾಟೆಗಳ ಮೂಲಕ ಒಂದೇ ಹಗ್ಗಕ್ಕೆ ಕೂಡುತ್ತವೆ. ಆ ಒಂದು ಹಗ್ಗವನ್ನು ಎಳೆದರೆ ಇಡೀ ಹಾಯಿ ಹದಕ್ಕೆ ಬರುತ್ತದೆ.

ಬಿರುಗಾಳಿ ಬಂದರೆ ಮಾಡಬೇಕಾದುದಿಷ್ಟೆ: ಹಾಯಿಯನ್ನು ಎತ್ತಿ ಹಿಡಿದಿರುವ ಹಗ್ಗವನ್ನು ಸಡಿಲಿಸುವುದು. ಅಡ್ಡಕೋಲುಗಳು ತಮ್ಮ ಭಾರಕ್ಕೆ ತಾವೇ ಇಳಿದು, ಕೆಳಗೆ ಕಟ್ಟಿರುವ ಹಗ್ಗದ ತೊಟ್ಟಿಲಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಒಂದು ಅಂಕಣ ಬೇಕಾದರೆ ಒಂದು, ಮೂರು ಬೇಕಾದರೆ ಮೂರು. ಗಾಳಿ ಹಿಂದಿನಿಂದ ಬೀಸುತ್ತಿರುವಾಗಲೂ ಈ ಕೆಲಸ ನಡೆಯುತ್ತದೆ. ಬಟ್ಟೆ ಬಡಿಯುವುದಿಲ್ಲ. ಸೆಳೆತ ಹಲವು ಕಡೆಗೆ ಹಂಚಿರುವುದರಿಂದ ಅಗ್ಗದ ಬಟ್ಟೆಯೂ ಸಾಕು. ಒಂದು ಅಂಕಣ ಹರಿದರೆ ಹರಕು ಅಡ್ಡಕೋಲನ್ನು ದಾಟಿ ಮುಂದೆ ಹೋಗದು. ಇಷ್ಟೆಲ್ಲವನ್ನೂ ಕಂಡಿಯಲ್ಲಿ ನಿಂತೇ ಮಾಡಬಹುದು.

ಕೊರತೆಯೂ ಇದೆ, ಮುಚ್ಚಿಡಬಾರದು. ಗಾಳಿಗೆ ಎದುರಾಗಿ ಏರುವಾಗ ಹ್ಯಾಸ್ಲರನ ಚಪ್ಪಟೆ ಹಾಯಿ ಬರ್ಮುಡಾ ಹಾಯಿಗಿಂತ ಹಿಂದೆ ಬೀಳುತ್ತಿತ್ತು. ಹಗ್ಗಗಳ ಉದ್ದವೂ ಬಹಳ.

ಈ ಹಾಯಿ ನಮ್ಮ ಕರಾವಳಿಗೆ ತೀರ ಅಪರಿಚಿತವಾದುದೇನೂ ಆಗಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದುಹೋದ ಇಬ್ನ್ ಬತೂತನು, ಕಲ್ಲಿಕೋಟೆಯಲ್ಲಿ ಹದಿಮೂರು ಚೀನೀ ಹಡಗುಗಳು ಲಂಗರು ಹಾಕಿದ್ದುದನ್ನು ಕಂಡು, ಅವುಗಳ ಹಾಯಿಗಳು ಚಾಪೆಯಂತೆ ನೇಯ್ದ ಬಿದಿರಿನವೆಂದು ಬರೆದಿಟ್ಟಿದ್ದಾನೆ. ಪಶ್ಚಿಮದ ನಾವಿಕರಲ್ಲಿಯೂ ಹ್ಯಾಸ್ಲರನೇ ಮೊದಲಿಗನಲ್ಲ. ಜಗತ್ತನ್ನು ಒಬ್ಬನೇ ಹಾಯಿದೋಣಿಯಲ್ಲಿ ಮೊಟ್ಟಮೊದಲು ಸುತ್ತಿದ ಜೋಷುವ ಸ್ಲೋಕಮ್, ಅದಕ್ಕೂ ಹಿಂದೆ ತನ್ನ ಹಡಗು ಬ್ರೆಜಿಲ್ ತೀರದಲ್ಲಿ ಒಡೆದಾಗ, ಲಿಬರ್‌ಡೇಡ್ ಎಂಬ ದೋಣಿಯನ್ನು ತಾನೇ ಕಟ್ಟಿ, ಚೀನದ ಮಾದರಿಯ ಹಾಯಿಗಳನ್ನು ಏರಿಸಿ, ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಅಮೆರಿಕಕ್ಕೆ ಮರಳಿದ್ದನು. ಆ ದೋಣಿ ನೀರಿಗಿಳಿದುದು 1888ರ ಮೇ 13ರಂದು, ಬ್ರೆಜಿಲ್ ದೇಶ ಗುಲಾಮಗಿರಿಯನ್ನು ತೊಡೆದುಹಾಕಿದ ದಿನ. ಲಿಬರ್‌ಡೇಡ್ ಎಂದರೆ ಸ್ವಾತಂತ್ರ್ಯ. ಆದರೆ ಸ್ಲೋಕಮ್ ಕಷ್ಟಕಾಲಕ್ಕೆ ಅದನ್ನು ಬಳಸಿ ಬಿಟ್ಟನು. ಹ್ಯಾಸ್ಲರನು ಬಿಡಲಿಲ್ಲ.

ಬಿಡದೆ ಹಿಡಿದುದರ ಪರೀಕ್ಷೆಗೆ ಅವನೇ ಒಂದು ಕಣವನ್ನು ನಿರ್ಮಿಸಿದನು. ಇಂಗ್ಲೆಂಡಿನಿಂದ ಅಮೆರಿಕಕ್ಕೆ, ಎದುರುಗಾಳಿಯ ದಾರಿಯಲ್ಲಿ, ದೋಣಿಗೊಬ್ಬನೇ ನಾವಿಕನೆಂಬ ಪಂದ್ಯ. ಒಬ್ಬನೇ ನಡೆಸಬಹುದಾದ ದೋಣಿ, ಸಲಕರಣೆ, ವಿಧಾನಗಳು ಬೆಳೆಯಲಿ ಎಂಬುದು ಉದ್ದೇಶ. ಹುಚ್ಚುತನವೆಂದು ಹಲವರು ಹಿಂಜರಿದರು. ಯಾರೂ ಹಣ ಕೊಡದಿದ್ದರೆ ತಲಾ ಅರ್ಧ ಕ್ರೌನ್, ಎಂದರೆ ಎರಡೂವರೆ ಷಿಲಿಂಗ್, ಪಣ ಕಟ್ಟಿಯಾದರೂ ಹೋಗುವುದೆಂದು ಹ್ಯಾಸ್ಲರನೂ ಫ್ರಾನ್ಸಿಸ್ ಚಿಚೆಸ್ಟರನೂ ಒಪ್ಪಿಕೊಂಡರಂತೆ. ಕೊನೆಗೆ ಅಬ್ಸರ್ವರ್ ಪತ್ರಿಕೆ ಮತ್ತು ಪ್ಲಿಮತ್ತಿನ ರಾಯಲ್ ವೆಸ್ಟರ್ನ್ ಯಾಟ್ ಕ್ಲಬ್ಬು ಮುಂದೆ ಬಂದವು. 1960ರ ಜೂನ್ 11ರಂದು ಪ್ಲಿಮತ್ತಿನಿಂದ ಪಂದ್ಯ ಹೊರಟಿತು.

ಭಾಗವಹಿಸಿದವರು ಐವರು. ಡೇವಿಡ್ ಲೂಯಿಸನ ಕೂವೆ ಹೊರಟ ಸ್ವಲ್ಪ ಹೊತ್ತಿಗೇ ಮುರಿದು, ಅವನು ಹಿಂದಿರುಗಿ ಸರಿಪಡಿಸಿಕೊಂಡು ಮತ್ತೆ ಹೊರಟನು. ಫ್ರಾನ್ಸಿನ ಜಾನ್ ಲಾಕೋಂಬ್ ಕೆಲವು ದಿನ ತಡವಾಗಿ ಹೊರಟನು. ಐವರೂ ಗುರಿ ಮುಟ್ಟಿದರು. ಸುಮಾರು ನಲವತ್ತು ಅಡಿ ಉದ್ದದ ಜಿಪ್ಸಿ ಮಾತ್ 3 ದೋಣಿಯಲ್ಲಿ ಚಿಚೆಸ್ಟರನು 40 ದಿನಗಳಲ್ಲಿ ಮೊದಲು ತಲಪಿದನು. ಇಪ್ಪತ್ತೈದು ಅಡಿಯ ಜೆಸ್ಟರ್ ಉತ್ತರದ ಸುತ್ತುದಾರಿಯನ್ನು ಹಿಡಿದು 48 ದಿನಗಳಲ್ಲಿ ಎರಡನೆಯದಾಗಿ ಬಂದಿತು. ಹಾಸ್ಯಗಾರನು ರಂಗಸ್ಥಳದಲ್ಲಿ ರಾಜನ ಪಕ್ಕದಲ್ಲಿಯೇ ನಿಂತಂತಾಯಿತು.

ಪಂದ್ಯದಲ್ಲಿ ಎರಡನೆಯವನಾದ ಮಾತು ಇರಲಿ. ಬೇರೊಂದು ಸಂಗತಿ ನನಗೆ ದೊಡ್ಡದೆನಿಸುತ್ತದೆ. ಗಾಳಿಯ ದಿಕ್ಕನ್ನು ಹಿಡಿದು ಚುಕ್ಕಾಣಿಯನ್ನು ತಾನಾಗಿಯೇ ತಿರುಗಿಸುವ ಸಾಧನವೊಂದನ್ನು ಹ್ಯಾಸ್ಲರನು ರೂಪಿಸಿದ್ದನು. ಅದರಿಂದಾಗಿ ಅಷ್ಟು ದಿನಗಳ ಪ್ರಯಾಣದಲ್ಲಿ ಅವನು ಕೈಯಲ್ಲಿ ಚುಕ್ಕಾಣಿ ಹಿಡಿದುದು ಸುಮಾರು ಒಂದು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ಓದಿದನು, ಅಡಿಗೆ ಮಾಡಿದನು, ಮಲಗಿದನು. ಗಾಳಿ ಬದಲಾದರೆ ಕಂಡಿಯಿಂದ ತಲೆ ಹೊರಹಾಕಿ ಒಂದು ಅಂಕಣ ಇಳಿಸಿದನು ಅಥವಾ ಏರಿಸಿದನು. ಜಿರೋಂಡ್ ಅಳಿವೆಯಲ್ಲಿ ಕೈ ಮರಗಟ್ಟುವವರೆಗೆ ಹುಟ್ಟುಹಾಕಿದ ಮನುಷ್ಯನೇ ಇವನು. ಚಳಿಗೂ ದಣಿವಿಗೂ ಸಿಕ್ಕಿದ ಜೊತೆಗಾರರನ್ನು ಆ ಕಂಡಿಯಲ್ಲಿ ನಿಂತು ನೆನೆಯುತ್ತಿದ್ದನೋ ಇಲ್ಲವೋ ನಾನು ಊಹಿಸಲಾರೆ. ಆದರೆ ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ ಇರಲು ನನ್ನಿಂದಾಗಲಿಲ್ಲ.

1964ರಲ್ಲಿ ಎರಡನೆಯ ಬಾರಿ ಪಂದ್ಯ ನಡೆದಾಗ ಜೆಸ್ಟರ್ 38 ದಿನಗಳೊಳಗೇ ಸಾಗರವನ್ನು ದಾಟಿತು. ಹತ್ತು ದಿನ ಉಳಿಯಿತು, ಆದರೂ ಐದನೆಯ ಸ್ಥಾನ. ಫ್ರಾನ್ಸಿನ ಎರಿಕ್ ತಬಾರ್ಲಿ ದೊಡ್ಡ ದೋಣಿಯಲ್ಲಿ 27 ದಿನಗಳಲ್ಲಿ ಗೆದ್ದಿದ್ದನು. ಮುಂದೆ ಆ ಪಂದ್ಯ ಹಣವಂತರ ಬೃಹತ್ ದೋಣಿಗಳ ಓಟವಾಗಿ ಬೆಳೆಯಿತು. ಹ್ಯಾಸ್ಲರನು ಆ ಕಡೆಗೆ ಹೋಗಲಿಲ್ಲ. ಜೆಸ್ಟರನ್ನು ಮೈಕೆಲ್ ರಿಚಿ ಎಂಬ ನೌಕಾಶಾಸ್ತ್ರಜ್ಞನಿಗೆ ಮಾರಿದನು. 1965ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಬ್ರಿಜೆಟ್ ಫಿಷರಳನ್ನು ಮದುವೆಯಾದನು. ಮರುವರ್ಷ ಬ್ರಿಟನ್ ದ್ವೀಪವನ್ನು ಇಬ್ಬಿಬ್ಬರು ಸುತ್ತುವ ಪಂದ್ಯವನ್ನು ಏರ್ಪಡಿಸಿ, ಹೆಂಡತಿಯೊಡನೆ ತಾನೂ ಹೋದನು. ನಡುವೆ 1962ರಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ, ಅಲ್ಲಿ ಇದೆಯೆಂದು ಜನ ನಂಬುವ ದೈತ್ಯಪ್ರಾಣಿಯನ್ನು ಸದ್ದಿಲ್ಲದ ಹಾಯಿದೋಣಿಯಲ್ಲಿ ಕಾದು ನೋಡಿದ್ದೂ ಉಂಟು. ಪ್ರಾಣಿ ಸಿಕ್ಕಲಿಲ್ಲ. ದೊಡ್ಡವರಿಗೂ ಇಂಥ ಹುಚ್ಚುಗಳಿರುತ್ತವೆಂದು ಓದಿ ನನಗೆ ಸಮಾಧಾನವಾಯಿತು.

ಅವನ ದೋಣಿಯನ್ನು ನೋಡಿ ನುರಿತ ನಾವಿಕರು ಒಬ್ಬೊಬ್ಬರಾಗಿ ಚೀನೀ ಹಾಯಿಗೆ ಒಲಿದರು. ಜಲಾಂತರ್ಗಾಮಿಗಳ ನಾಯಕನಾಗಿದ್ದ ಬಿಲ್ ಕಿಂಗ್ ಎರಡು ಜಂಕ್ ಹಾಯಿಗಳ ಗಾಲ್ವೇ ಬ್ಲೇಜರ್ 2 ದೋಣಿಯಲ್ಲಿ 1968ರಲ್ಲಿ ಜಗತ್ತನ್ನು ಸುತ್ತಲು ಹೊರಟನು. ದಕ್ಷಿಣ ಅಟ್ಲಾಂಟಿಕದಲ್ಲಿ ಬಿರುಗಾಳಿ ದೋಣಿಯನ್ನು ಮಗುಚಿ ಕೂವೆಯನ್ನು ಮುರಿಯಿತು. ತಂತಿಯಿಲ್ಲದ ಕೂವೆಯನ್ನು ಹಾಸ್ಯಮಾಡುತ್ತಿದ್ದವರಿಗೆ ಅದು ಒಳ್ಳೆಯ ಸಾಕ್ಷಿಯಾಗಿ ದೊರಕಿರಬೇಕು. ಕಿಂಗ್ ಬಿಡಲಿಲ್ಲ, ಮತ್ತೆ ಹೊರಟು 1973ರಲ್ಲಿ ಸುತ್ತನ್ನು ಮುಗಿಸಿದನು. ಇನ್ನೊಬ್ಬನು ಜಾಕ್ ಮಕ್ಲೌಡ್. ರಾನ್ ಗ್ಲಾಸ್ ಎಂಬ ನಲವತ್ತೇಳು ಅಡಿಯ ದೋಣಿಯನ್ನು ಕಟ್ಟಿಸಿ, ಎರಡು ಜಂಕ್ ಹಾಯಿಗಳನ್ನು ಒಬ್ಬನೇ ನಡೆಸುತ್ತ ಸಾಗರ ದಾಟಿದವನು.

ಈ ಮಕ್ಲೌಡನೊಡನೆ ಸೇರಿ ಹ್ಯಾಸ್ಲರನು ಮಾಡಿದ ಕೊನೆಯ ಕೆಲಸವೇ ನನ್ನ ಮಟ್ಟಿಗೆ ಬೋರ್ಡೋ ದಾಳಿಗಿಂತ ಹಿರಿದು. ಚೀನದ ನಾವಿಕರ ಕೈಯಲ್ಲಿ ಮಾತ್ರ ಇದ್ದ ವಿದ್ಯೆಯನ್ನು ಇಬ್ಬರೂ ಅಳೆದು, ಕಟ್ಟಿ, ಕೆಡವಿ, ಮತ್ತೆ ಕಟ್ಟಿ ನೋಡಿದರು. ಕೂವೆ ಎಷ್ಟು ದಪ್ಪವಿರಬೇಕು, ಅಡ್ಡಕೋಲುಗಳ ಅಂತರವೆಷ್ಟು, ಯಾವ ಹಗ್ಗ ಎಲ್ಲಿಂದ ಎಲ್ಲಿಗೆ ಎಂಬುದನ್ನೆಲ್ಲ ಚಿತ್ರ ಸಮೇತ ಬರೆದರು. ತಾವೇ ಕಂಡುಹಿಡಿದೆವೆಂಬ ಜಂಬವಿಲ್ಲ. ಪ್ರಾಕ್ಟಿಕಲ್ ಜಂಕ್ ರಿಗ್ ಎಂಬ ಆ ದಪ್ಪ ಪುಸ್ತಕ ಅಚ್ಚಾಗಿ ಹೊರಬಂದುದು 1988ರಲ್ಲಿ. ಹ್ಯಾಸ್ಲರನು ಅದನ್ನು ನೋಡಲಿಲ್ಲ. 1987ರ ಮೇ 5ರಂದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ಪುಸ್ತಕ ಬಂದ ವರ್ಷವೇ ಜೆಸ್ಟರ್ ದೋಣಿಯೂ ಅಟ್ಲಾಂಟಿಕದ ಬಿರುಗಾಳಿಗೆ ಸಿಕ್ಕಿತು. ಮುದುಕನಾಗಿದ್ದ ರಿಚಿಯನ್ನು ಹಡಗೊಂದು ಎತ್ತಿ ಉಳಿಸಿತು, ದೋಣಿ ಉಳಿಯಲಿಲ್ಲ. ಅದರ ಪ್ರೀತಿಗೆ ಬಿದ್ದವರು ಕೆಲವೇ ವರ್ಷಗಳಲ್ಲಿ ಅದರಂಥದೇ ಇನ್ನೊಂದನ್ನು ಕಟ್ಟಿದರು. 2006ರಲ್ಲಿ ಅದೇ ಹೆಸರಿನಲ್ಲಿ, ಸಣ್ಣ ದೋಣಿಗಳ ಒಂಟಿ ನಾವಿಕರು ಹೆಚ್ಚು ಕಟ್ಟಳೆಗಳಿಲ್ಲದೆ ಸಾಗರ ದಾಟುವ ಯಾತ್ರೆಯೊಂದು ಆರಂಭವಾಯಿತು.

ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಜಂಕ್ ಹಾಯಿಯ ಚಿತ್ರವನ್ನು ಕಾಗದದ ಮೇಲೆ ಬರೆದು ಅಜ್ಜನಿಗೆ ತೋರಿಸಿದೆ. ಅಜ್ಜನಿಗೆ ಓದು ಬಾರದು. ಚಿತ್ರವನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಾನು ಕೊರತೆಯ ಮಾತನ್ನು ಎತ್ತಿರಲಿಲ್ಲ. ಇದು ಗಾಳಿಗೆ ಎದುರು ಏರುವಾಗ ಹಿಂದೆ ಬಿದ್ದೀತೆಂದು ಅವನೇ ಹೇಳಿದ. ಆಮೇಲೆ ತಮ್ಮ ಮಚ್ವೆಯ ಹಾಯಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತಿರುಗಿಸಬೇಕಾದರೆ ಉದ್ದನೆಯ ಓರೆಗಳುವನ್ನು ಕೂವೆಯ ಮುಂದಿನಿಂದ ಸುತ್ತಿಸಿ ತರಬೇಕಿತ್ತೆಂದೂ, ರಾತ್ರಿಯ ಗಾಳಿಯಲ್ಲಿ ಅದಕ್ಕೆ ಆಳುಗಳು ಸಾಲದೆ ಹುಡುಗರನ್ನೂ ಎಬ್ಬಿಸುತ್ತಿದ್ದರೆಂದೂ ಹೇಳಿದ. ಹಾಗೆ ಎದ್ದ ಹುಡುಗರಲ್ಲಿ ಒಬ್ಬ ಬೆಳಗಿಗೆ ಇರಲಿಲ್ಲವಂತೆ. ಇದನ್ನು ಅಜ್ಜ ಇದಕ್ಕೆ ಮೊದಲು ನನಗೆ ಹೇಳಿದ್ದಿಲ್ಲ.

ಆ ಮಚ್ವೆಯ ಹಗ್ಗಗಳಿಗೆ ಒಂದೊಂದಕ್ಕೂ ಒಂದು ಹೆಸರಿತ್ತು. ನಾನು ಕೇಳಿ ಬರೆದುಕೊಳ್ಳತೊಡಗಿದೆ. ನೋಟುಪುಸ್ತಕದಲ್ಲಿ ಈವರೆಗೆ ಹನ್ನೊಂದು ಹೆಸರುಗಳಾಗಿವೆ. ಎರಡು ಹಗ್ಗಗಳ ಹೆಸರು ಅಜ್ಜನಿಗೆ ನೆನಪಾಗುತ್ತಿಲ್ಲ. ಟೊಂಕಾದ ಹತ್ತಿರ ಅವನ ಜೊತೆ ದುಡಿದ ಇನ್ನೊಬ್ಬರಿದ್ದಾರೆ, ಪರೀಕ್ಷೆ ಮುಗಿದ ಮೇಲೆ ಅವರನ್ನು ಕೇಳಲು ಹೋಗಬೇಕಾಗಿದೆ.